ಹಸಿ ಊಟದಲ್ಲಿ ಬೆಲ್ಲಕ್ಕೆ ಏನು ಕೆಲಸ?

ಬಳ್ಳಾರಿಯಲ್ಲಿ ಈಗ ರಾ ಫುಡ್, ಅಂದರೆ ಬೇಯಿಸದ ಹಸಿ ಊಟ, ಶುರು ಮಾಡಿದವರು ಜಾಸ್ತಿ ಆಗಿದ್ದಾರೆ. ಯೂಟ್ಯೂಬ್, ತೆಲುಗು ಚಾನೆಲ್‌ಗಳ ಪ್ರಕೃತಿ ಚಿಕಿತ್ಸೆ ಭಾಷಣ, ವಾಕಿಂಗ್ ಗೆಳೆಯರು, ಎಲ್ಲ ಕಡೆಯಿಂದಲೂ ಇದೇ ಮಾತು. ನನಗೆ ಇದು ಇಷ್ಟವೇ. ಹಸಿ ತಿನ್ನುವುದು ನಮಗೇನು ಹೊಸದಲ್ಲ. ಜೋಳದ ರೊಟ್ಟಿ ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ ಪಚಡಿ ಇಲ್ಲದೆ ನಮ್ಮ ಕಡೆ ಊಟ ಸೇರುತ್ತದಾ?

ನನ್ನ ತಕರಾರು ಸಿಹಿಯ ಬಗ್ಗೆ ಮಾತ್ರ.

ರಾ ಫುಡ್‌ನವರ ನಿಯಮ ಸರಳ. ಯಾವುದನ್ನೂ ಸುಮಾರು 42ರಿಂದ 48 ಡಿಗ್ರಿ ಮೀರಿ ಬಿಸಿ ಮಾಡಬಾರದು. (ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲೇ 42 ದಾಟುತ್ತದೆ. ಹಾಗಾಗಿ ಬಿಸಿಲಲ್ಲಿ ಒಣಗಿಸಿದ್ದಕ್ಕೆ ಅಡ್ಡಿ ಇಲ್ಲ.) ಅನ್ನ ಬಿಟ್ಟರು, ಚಹಾ ಬಿಟ್ಟರು, ಮಿರ್ಚಿ ಬಜ್ಜಿಯನ್ನೂ ಬಿಟ್ಟರು. ಆಮೇಲೆ ಬಾಳೆಹಣ್ಣಿನ ಸ್ಮೂದಿಗೆ ಎರಡು ಚಮಚ ಬೆಲ್ಲದ ಪುಡಿ ಹಾಕುತ್ತಾರೆ. ಕೇಳಿದರೆ 'ನ್ಯಾಚುರಲ್ ಅಲ್ವಾ' ಅನ್ನುತ್ತಾರೆ.

ಕಂಪ್ಲಿ ಕಡೆ ಕಬ್ಬಿನ ಸೀಮೆಯಲ್ಲಿ ಓಡಾಡಿದವರಿಗೆ ಬೆಲ್ಲ ಹೇಗೆ ಆಗುತ್ತದೆ ಅಂತ ಹೇಳಿಕೊಡಬೇಕಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಧಗಧಗ ಉರಿಯುತ್ತಿರುತ್ತದೆ. ಕೊಳೆ ಮೇಲಕ್ಕೆ ಬರಲಿ ಅಂತ ಸುಣ್ಣದ ನೀರು ಹಾಕುತ್ತಾರೆ, ಕೆಲವರು ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಬಂದ ನೊರೆಯನ್ನು ತೆಗೆದು ತೆಗೆದು ಚೆಲ್ಲುತ್ತಾರೆ. ಹಾಲು ಪಾಕವಾಗಿ, ಒಂದು ಹನಿ ತಣ್ಣೀರಿಗೆ ಬಿಟ್ಟರೆ ಗಟ್ಟಿ ಉಂಡೆ ಆಗಬೇಕು. ಆ ಹದಕ್ಕೆ ಬರುವ ಹೊತ್ತಿಗೆ ಶಾಖ 115 ಡಿಗ್ರಿ ಆಸುಪಾಸಿಗೆ ಹೋಗಿರುತ್ತದೆ. ಅಕ್ಕಿ ಬೇಯುವುದು 100 ಡಿಗ್ರಿಯಲ್ಲಿ. ಅನ್ನ ಬೇಡ, ಬೆಲ್ಲ ಇರಲಿ ಅನ್ನುವುದು ಯಾವ ಲೆಕ್ಕ? ಬೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೋಳಿಗೆಗೆ ಅದು ಬೇಕೇ ಬೇಕು. ಆದರೆ ಅದು ಹಸಿ ಅಲ್ಲ.

ತೆಂಗಿನ ಸಕ್ಕರೆಯದ್ದೂ ಇದೇ ಕಥೆ, ನೀರಾ ಕುದಿಸಿ ಇಂಗಿಸಿದ್ದು. ಆನ್‌ಲೈನ್‌ನಲ್ಲಿ ದುಬಾರಿ ಬೆಲೆ ಕೊಟ್ಟು ತರಿಸುವ ಮೇಪಲ್ ಸಿರಪ್ ಕೂಡ ಅಷ್ಟೇ. ಕೆನಡಾ ಕಡೆ ಒಂದು ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ಮರದ ರಸ ಕುದಿಸುತ್ತಾರೆ. ಇನ್ನು ಅಗಾವೆ ಸಿರಪ್. ಅಗಾವೆ ಮೆಕ್ಸಿಕೋದ ಗಿಡ, ನಮ್ಮ ಹೊಲದ ಬದುವಿನ ಕತ್ತಾಳೆಯ ಜಾತಿ. ಅದರ ಗಡ್ಡೆಯಲ್ಲಿರುವ ಪಿಷ್ಟದಂಥ ಪದಾರ್ಥ ಸುಮ್ನೆ ಸಿಹಿ ಆಗುವುದಿಲ್ಲ. ಶಾಖ ಕೊಟ್ಟೋ ಕಿಣ್ವ ಹಾಕಿಯೋ ಅದನ್ನು ಒಡೆಯಬೇಕು. ಕಡಿಮೆ ಶಾಖದಲ್ಲಿ ಮಾಡಿದ್ದೇವೆ ಅಂತ ಲೇಬಲ್ ಹಚ್ಚಿದರೂ ಕೊನೆಗೆ ಬಾಟಲಿಯಲ್ಲಿ ಸಿಗುವುದು ಬಹುಪಾಲು ಫ್ರಕ್ಟೋಸ್ ಅನ್ನುವ ಸಕ್ಕರೆ, ಅದರ ಹೊರೆ ಬೀಳುವುದು ಯಕೃತ್ತಿನ ಮೇಲೆ. ಸಿಹಿ ಎಲೆಯ ಸ್ಟೀವಿಯಾ ಗಿಡ ಕುಂಡದಲ್ಲಿ ಬೆಳೆಸಿ ಎಲೆ ಜಗಿದರೆ ಅದು ಹಸಿ. ಅಂಗಡಿಯ ಬಿಳಿ ಪುಡಿ ಕಾರ್ಖಾನೆಯಲ್ಲಿ ಸೋಸಿ ಶುದ್ಧ ಮಾಡಿದ್ದು.

ಉಳಿದದ್ದು ಜೇನು. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಗೂಡಿನೊಳಗಿನ ಶಾಖ 35 ಡಿಗ್ರಿ ಸುತ್ತಮುತ್ತ. ಹುಟ್ಟಿನಿಂದ ನೇರ ಇಳಿಸಿದ ಜೇನು ನಿಜವಾಗಿಯೂ ಹಸಿ. ಜಾಲಿ ಕಂಟಿಯ ಕೋಲುಜೇನಿನ ಹುಟ್ಟು ಅಂಗೈ ಅಗಲ ಇರುತ್ತದೆ, ಮೇಣ ಸಮೇತ ಬಾಯಿಗೆ ಹಾಕಿಕೊಂಡರೆ ಅದರ ರುಚಿಯೇ ಬೇರೆ. ಆದರೆ ಅಂಗಡಿಯ ಬಾಟಲಿಯಲ್ಲಿರುವುದು ಅದಲ್ಲ. ಜೇನಿನಲ್ಲಿ ನೀರು ಜಾಸ್ತಿ ಇದ್ದರೆ ಹುಳಿಯುತ್ತದೆ, ಇಟ್ಟಲ್ಲೇ ಇಟ್ಟರೆ ಹರಳುಗಟ್ಟುತ್ತದೆ. ಹರಳುಗಟ್ಟಿದ್ದನ್ನು ಜನ ಕಲಬೆರಕೆ ಅಂತ ವಾಪಸ್ ತಂದುಕೊಡುತ್ತಾರೆ. ಅದಕ್ಕೇ ಕಂಪನಿಗಳು 60–70 ಡಿಗ್ರಿಗೆ ಕಾಯಿಸಿ ತುಂಬುತ್ತವೆ. ಹರಳುಗಟ್ಟುವುದು ಜೇನಿನ ಗುಣ ಅಂತ ನಾವು ತಿಳಿದುಕೊಂಡರೆ ಕಾಯಿಸುವ ಗೊಡವೆ ಅರ್ಧ ತಪ್ಪುತ್ತದೆ. ಕಲಬೆರಕೆಯೂ ಸುಳ್ಳಲ್ಲ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡ್ ಜೇನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆ ಪಾಸಾದವು ಮೂರೇ. ಇನ್ನು ಹಸಿ ಜೇನೇ ಸಿಕ್ಕಿತು ಅಂದುಕೊಳ್ಳಿ. ಅದನ್ನು ಬೆಳಿಗ್ಗೆ ಬಿಸಿ ಬಿಸಿ ನಿಂಬೆ ನೀರಿಗೆ ಹಾಕಿ ಕುಡಿಯುತ್ತಾರಲ್ಲ, ಅಲ್ಲಿಗೆ ಹಸಿತನ ಮುಗಿಯಿತು. ಜೇನು ಕಾಯಿಸಬಾರದು ಅಂತ ಆಯುರ್ವೇದ ಹೇಳಿದ್ದನ್ನೂ ಇವರೇ ನಮಗೆ ಹೇಳುತ್ತಾರೆ.

ಆದರೆ ನನಗೆ ಮುಖ್ಯ ಅನಿಸುವುದು ಥರ್ಮಾಮೀಟರ್ ಅಲ್ಲ. ಶಾಖದ ಲೆಕ್ಕ ಒಂದನ್ನೇ ಹಿಡಿದರೆ ರಸ್ತೆ ಬದಿಯ ಗಾಣದ ಕಬ್ಬಿನ ಹಾಲು ಪಕ್ಕಾ ರಾ ಫುಡ್. ಒಂದು ದೊಡ್ಡ ಗ್ಲಾಸಿನಲ್ಲಿ 30 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಪ್ರಕಾರ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಆ 25 ಗ್ರಾಂನಲ್ಲಿ ಜೇನೂ ಸೇರುತ್ತದೆ, ಸಿರಪ್ಪೂ ಸೇರುತ್ತದೆ, ಹಣ್ಣಿನ ಜ್ಯೂಸೂ ಸೇರುತ್ತದೆ. ಸೇರದೇ ಇರುವುದು ಇಡೀ ಹಣ್ಣಿನೊಳಗಿನ ಸಕ್ಕರೆ. ನಾರು ಇರುವ ಹಣ್ಣನ್ನು ಅಗಿದು ತಿನ್ನಬೇಕು, ಹೊಟ್ಟೆ ಬೇಗ ತುಂಬುತ್ತದೆ. ಹಿಂಡಿ ತೆಗೆದದ್ದು ಗಟಗಟ ಇಳಿದು ಹೋಗುತ್ತದೆ.

ಅದಕ್ಕೆ ನನ್ನ ಅಭಿಪ್ರಾಯ ಇಷ್ಟೇ. ಹಸಿ ಊಟದಲ್ಲಿ ಸಿಹಿ ಬೇಕಿದ್ದರೆ ಹಣ್ಣನ್ನೇ ತಿನ್ನಿ. ನಮ್ಮಲ್ಲಿ ಕೊರತೆ ಏನಿದೆ? ಬಳ್ಳಾರಿ ಅಂಜೂರ ಇದೆ, ಕೊಪ್ಪಳದ ದಾಳಿಂಬೆ, ಮಾವು ಇವೆ, ಸೀಸನ್‌ನಲ್ಲಿ ಸೀತಾಫಲ ಬರುತ್ತದೆ. ಶೇಂಗಾ ನೆನೆಹಾಕಿ ಖರ್ಜೂರದ ಜೊತೆ ರುಬ್ಬಿ ನೋಡಿ, ಯಾವ ಸಿರಪ್ಪೂ ಬೇಡ ಅನಿಸುತ್ತದೆ. ಪ್ಯಾಕೆಟ್ ಖರ್ಜೂರ ತರುವಾಗ ಮಾತ್ರ ಹಿಂಬದಿ ಓದಿ, ಹೊಳಪಿಗೆ ಗ್ಲೂಕೋಸ್ ಸಿರಪ್ ಸವರಿದವೂ ಇರುತ್ತವೆ. ಜೇನು ಬೇಕೇ ಬೇಕು ಅಂದರೆ ಒಂದು ಚಮಚ, ಅದಕ್ಕಿಂತ ಜಾಸ್ತಿ ಬೇಡ.

ಇಷ್ಟು ಬರೆಯಲು ಕಾರಣ ನಮ್ಮ ಅತ್ತಿಗೆ. ಅವರಿಗೆ ಶುಗರ್ ಇದೆ. 'ಹಸಿ ಜೇನು ಏನೂ ಮಾಡಲ್ಲ, ಎಷ್ಟು ಬೇಕಾದರೂ ತಗೊಳ್ಳಿ ಅಕ್ಕ' ಅಂತ ಯಾರೋ ಹೇಳಿಬಿಟ್ಟಿದ್ದರು. ಅವರು ನಂಬಿದರು. ಜೇನಿನಲ್ಲಿ ಹತ್ತಿರ ಹತ್ತಿರ 80 ಭಾಗ ಸಕ್ಕರೆಯೇ. ಹಸಿ ಇದ್ದರೂ ಕಾಯಿಸಿದರೂ ರಕ್ತದಲ್ಲಿ ಶುಗರ್ ಏರಿಸುತ್ತದೆ. ಅಂಜೂರ, ಖರ್ಜೂರವನ್ನು ಕೂಡ ಶುಗರ್ ಇರುವವರು ಎಣಿಸಿ ತಿನ್ನಬೇಕು. ರಾ ಫುಡ್ ಹೇಳಿಕೊಡುವವರಲ್ಲಿ ಕೈಮುಗಿದು ಕೇಳುತ್ತೇನೆ, ಯಾರ ಮಾತ್ರೆಯನ್ನೂ ನಿಲ್ಲಿಸಲು ಹೇಳಬೇಡಿ, ಅದನ್ನು ಅವರ ಡಾಕ್ಟರ್ ನೋಡಿಕೊಳ್ಳಲಿ. ಒಂದು ವರ್ಷ ತುಂಬದ ಕೂಸಿನ ನಾಲಿಗೆಗೆ ಜೇನು ಸವರಲು ಅಂತೂ ಹೇಳಲೇಬೇಡಿ. ಬೊಟುಲಿಸಂ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿ ಇರಬಹುದು, ಅದನ್ನು ತಡೆದುಕೊಳ್ಳುವ ಶಕ್ತಿ ಕೂಸಿನ ಕರುಳಿಗೆ ಇನ್ನೂ ಬಂದಿರುವುದಿಲ್ಲ.