ಕವಿತೆ ಬರೆದದ್ದಾಯಿತು, ಬರೆದ ಬಗೆಯನ್ನೂ ಹೇಳಬೇಕೆ?

ಪರ: ಹೇಳಲಿ, ಹೊಡೆದುಹಾಕಿದ ಸಾಲನ್ನೂ ತೋರಿಸಲಿ
(ವಿಜಯಪುರದಲ್ಲಿ ಕನ್ನಡ ಕಲಿಸುವ ಒಬ್ಬ ಶಿಕ್ಷಕಿ)

ನಮ್ಮ ಕಡೆ ಕವಿಗೋಷ್ಠಿ ಮುಗಿದ ಮೇಲೆ ಸಂವಾದ ಅಂತ ಒಂದು ಇರುತ್ತದೆ. ಯಾರಾದರೂ ಎದ್ದು ಕೇಳುತ್ತಾರೆ: "ಸರ್, ಈ ಕವಿತಾ ಹೆಂಗ ಬರದ್ರಿ?" ಕವಿ ನಗುತ್ತಾರೆ. "ನಾ ಎಲ್ಲಿ ಬರದೇನ್ರಿ, ಅದಾಗೇ ಬಂತು" ಅನ್ನುತ್ತಾರೆ. ಚಪ್ಪಾಳೆ, ಆಮೇಲೆ ಚಹಾ. ಹಿಂದೆ ಕೂತ ಪಿಯುಸಿ ಹುಡುಗಿ ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕುತ್ತಾಳೆ. ಅವಳಿಗೆ ಅದಾಗೇ ಬಂದಿಲ್ಲ. ಒಂದೇ ಸಾಲನ್ನು ವಾರವಿಡೀ ತಿದ್ದಿದ್ದಾಳೆ. ಹಾಗಾದರೆ ಇದು ತನಗೆ ಆಗಿಬರುವ ಕೆಲಸ ಅಲ್ಲ ಅಂದುಕೊಂಡು ಬಸ್ ಹತ್ತುತ್ತಾಳೆ.

ನನ್ನ ಜಗಳ ಇರುವುದು ಈ "ಅದಾಗೇ ಬಂತು" ಜೊತೆ. ಅದು ವಿನಯದ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ಒಳಗಿದ್ದವರು ಬಾಗಿಲು ಹಾಕಿಕೊಳ್ಳುವ ರೀತಿ ಅದು. ಮನೆಯಲ್ಲಿ ಪುಸ್ತಕದ ಕಪಾಟು ಇರುವ ಮಕ್ಕಳು ಹೇಗೋ ದಾರಿ ಹುಡುಕಿಕೊಳ್ಳುತ್ತಾರೆ. ಮೊದಲ ತಲೆಮಾರಿಗೆ ಅಕ್ಷರ ಕಲಿತ ಮಕ್ಕಳಿಗೆ ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ನನ್ನ ತರಗತಿಗೆ ಇಳಕಲ್, ಗುಳೇದಗುಡ್ಡ ಕಡೆಯ ನೇಕಾರರ ಮನೆಯ ಮಕ್ಕಳೂ ಬರುತ್ತಾರೆ. ಇಳಕಲ್ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವುದು ಬೆರಳಿಗೆ ಗೊತ್ತಿರಬೇಕಾದ ಕೆಲಸ. ಹಾಗಂತ ಮಗ್ಗದ ಮುಂದೆ ಕೂತ ಅಪ್ಪ ಮಗಳಿಗೆ "ಅದಾಗೇ ಬರ್ತದ" ಅನ್ನುವುದಿಲ್ಲ. ಹಿಂಗ ಹಿಡಿ, ಇಲ್ಲಿ ಬಿಗಿ ಮಾಡು ಅನ್ನುತ್ತಾನೆ. ಕವಿಗೆ ಮಾತ್ರ ಯಾಕೆ ಈ ಗುಟ್ಟು?

ನಮ್ಮ ಹುಡುಗರು ಮನೆಯಲ್ಲಿ ಆಡುವ ಮಾತನ್ನು ಬಾಗಿಲಲ್ಲೇ ಬಿಟ್ಟು ಕವಿತೆಗೆ ಬರುತ್ತಾರೆ. "ಬ್ಯಾಡ" ಅನ್ನುವವರು ಬರೆಯುವಾಗ "ಬೇಡವೆಂದೆನು" ಅನ್ನುತ್ತಾರೆ. ಕವಿತೆ ಅಲ್ಲೇ ಸತ್ತಿರುತ್ತದೆ. ಇದನ್ನು ನಾನು ಹೇಳಿದರೆ ಪರೀಕ್ಷೆಯ ಭಯಕ್ಕೆ ಕೇಳುತ್ತಾರೆ, ಅಷ್ಟೇ. ಅದೇ ಒಬ್ಬ ಕವಿ ಬಂದು ತನ್ನ ಮೊದಲ ಕರಡನ್ನು ಬೋರ್ಡಿನ ಮೇಲೆ ಬರೆದು, ಇಲ್ಲಿ ಮೊದಲು ಪುಸ್ತಕದ ಮಾತು ಇತ್ತು, ಅಮ್ಮ ಹೀಗೆ ಅನ್ನುತ್ತಿರಲಿಲ್ಲ ಅಂತ ಹೊಡೆದುಹಾಕಿದೆ ಅಂದರೆ, ಆ ಒಂದು ಗಂಟೆಯಲ್ಲಿ ಕಲಿಯುವುದು ಇಡೀ ವರ್ಷದ ಪಾಠಕ್ಕಿಂತ ಜಾಸ್ತಿ. ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಸಾಲನ್ನೇ ತಗೊಳ್ಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನುತ್ತದೆ ಛಂದಸ್ಸಿನ ಪುಸ್ತಕ. ನಮ್ಮ ಬಾಯಲ್ಲಿ "ನೋಡಬ್ಯಾಡ" ಅಂದಾಗ ನಡುವಿನ "ಡ" ಮೇಲೆ ಅಂಥ ಭಾರವೇನೂ ಬೀಳುವುದಿಲ್ಲ. ಕಿವಿ ಹೇಳಿದ್ದನ್ನು ಕೇಳಬೇಕೋ, ಪುಸ್ತಕ ಹೇಳಿದ್ದನ್ನೋ? ಇಂಥದ್ದನ್ನು ಬರೆಯುವವರೇ ಹೇಳಿದರೆ ಚೆಂದ.

ಅದೇ ಕವಿತೆಯ ಇನ್ನೊಂದು ಮಗ್ಗುಲು. ಮಗುವನ್ನು ಕಳೆದುಕೊಂಡ ದುಃಖದಲ್ಲಿ ಅದು ಹುಟ್ಟಿತು ಅನ್ನುವುದು ಇವತ್ತು ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದವರು ಅದನ್ನು ಪ್ರೇಮಗೀತೆ ಅಂತ ಹಾಡುವುದನ್ನು ಕೇಳಿದ್ದೇನೆ. ಹಾಡಲಿ ಬಿಡಿ, ತಪ್ಪೇನಿಲ್ಲ. ಆದರೆ ತರಗತಿಯಲ್ಲಿ ಹಿನ್ನೆಲೆ ಹೇಳಿದ ಮೇಲೆ ಅದೇ ಸಾಲು ಎರಡನೆಯ ಸಲ ಓದುವಾಗ ಮಕ್ಕಳ ದನಿ ಬದಲಾಗುತ್ತದೆ.

ಕವಿ ತನ್ನ ಬರವಣಿಗೆಯ ಬಗ್ಗೆ ಮಾತಾಡುವುದು ಈಗಿನ ಲಿಟರೇಚರ್ ಫೆಸ್ಟಿವಲ್‌ಗಳ ಚಾಳಿ ಅನ್ನುವವರಿದ್ದಾರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಪುಸ್ತಕ ಯಾವುದು? ಸುಮಾರು 850ರ ಕವಿರಾಜಮಾರ್ಗ. ಅದು ಕಥೆಯಲ್ಲ, ಪುರಾಣವಲ್ಲ. ಕವಿತೆಯಲ್ಲಿ ಯಾವುದು ದೋಷ, ಯಾವುದು ಗುಣ, ಪ್ರಾಸ ಹೇಗೆ ಅಂತ ಹೇಳಿಕೊಡುವ ಪುಸ್ತಕ. ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ ನಾಡನ್ನು ಅದು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಎರಡು ನಮ್ಮವು: ಕಿಸುವೊಳಲ್ ಅಂದರೆ ಬಾಗಲಕೋಟೆಯ ಪಟ್ಟದಕಲ್ಲು, ಒಂಕುಂದ ಅಂದರೆ ಬೆಳಗಾವಿಯ ಒಕ್ಕುಂದ. ಪಂಪ ತನ್ನ ಎರಡು ಕಾವ್ಯಗಳನ್ನು ಆರು ತಿಂಗಳು, ಮೂರು ತಿಂಗಳಲ್ಲಿ ಮುಗಿಸಿದೆ ಅಂತ ಹೇಳಿಕೊಂಡ. ಮುಧೋಳದ ರನ್ನ ತಾನು ಬಳೆಗಾರರ ಮನೆಯವನು, ತಾಯಿ ಅಬ್ಬಲಬ್ಬೆ, ತಂದೆ ಜಿನವಲ್ಲಭ ಅಂತ ಬರೆದಿಟ್ಟ. ಬರೆಯದೆ ಹೋಗಿದ್ದರೆ, ಬಳೆ ಮಾರುವವರ ಮನೆಯಿಂದಲೂ ಮಹಾಕವಿ ಬರಬಹುದು ಅಂತ ನಾನು ನನ್ನ ವಿದ್ಯಾರ್ಥಿಗಳಿಗೆ ಯಾವ ಆಧಾರದ ಮೇಲೆ ಹೇಳಲಿ?

ಬಸವಣ್ಣನವರನ್ನೂ ಕರೆಯುತ್ತೇನೆ. ತಾಳಮಾನ ಅರಿಯೆ, ಅಮೃತಗಣ ದೇವಗಣ ಅರಿಯೆ, ಒಲಿದಂತೆ ಹಾಡುವೆ ಅನ್ನುವ ವಚನ ನೆನಪಿದೆಯಲ್ವಾ? ಅರಿಯೆ ಅನ್ನುವುದಕ್ಕೂ ಆ ಹೆಸರುಗಳು ಗೊತ್ತಿರಬೇಕು. ಗೊತ್ತಿದ್ದೇ ಬಿಟ್ಟರು. ಏನನ್ನು ಬಿಟ್ಟೆ ಅಂತ ಹೇಳಿಯೂ ಹೇಳಿದರು. ನಾನು ಇಂದಿನ ಕವಿಗಳಿಂದ ಕೇಳುವುದೂ ಅಷ್ಟೇ.

ಬೆಳಗಾವಿಯಂಥ ಊರಲ್ಲಿ ಈ ಮಾತಿಗೆ ಇನ್ನೂ ಒಂದು ಕಾರಣವಿದೆ. ಅಲ್ಲಿ ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಎರಡೂ, ಬರೆಯುವುದು ಕನ್ನಡ ಅನ್ನುವ ಹುಡುಗರಿದ್ದಾರೆ. ಬೇಂದ್ರೆಯವರ ಮನೆಮಾತೂ ಮರಾಠಿಯೇ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮನೆಯಲ್ಲಿ ತಮಿಳು, ಕವಿತೆ ಕನ್ನಡ ಇಂಗ್ಲಿಷ್ ಎರಡರಲ್ಲೂ. ಸಾಲು ಮೊದಲು ಯಾವ ಭಾಷೆಯಲ್ಲಿ ಬರುತ್ತದೆ, ಇನ್ನೊಂದು ಭಾಷೆ ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ಕೈ ಹಿಡಿಯುತ್ತದೆ? ಇದನ್ನು ಯಾವ ವಿಮರ್ಶಕನೂ ಹೊರಗೆ ನಿಂತು ಹೇಳಲಾರ. ಬರೆದವರೇ ಹೇಳಬೇಕು.

ಹಾರ, ಶಾಲು ಎಲ್ಲ ಇರಲಿ. ಬರುವಾಗ ಕರಡು ಪ್ರತಿ ತಂದರೆ ಸಾಕು.

ವಿರೋಧ: ಕವಿತೆ ಓದಿ ಕೂತುಕೊಳ್ಳಲಿ
(ಬೆಳಗಾವಿಯ ಮುದ್ರಣಾಲಯದಲ್ಲಿ ಕರಡು ತಿದ್ದುವ ಒಬ್ಬ ಓದುಗ)

ಬಾದಾಮಿಗೆ ಹೋದವರು ಗುಹೆ ನೋಡುತ್ತಾರೆ, ಕೆರೆ ನೋಡುತ್ತಾರೆ, ಮಂಗಗಳಿಂದ ತಪ್ಪಿಸಿಕೊಂಡು ವಾಪಸ್ ಬರುತ್ತಾರೆ. ತಟ್ಟುಕೋಟೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ತನಕ ಹೋಗುವವರು ಕಡಿಮೆ. ಸುಮಾರು 700ರ ಕಾಲದ್ದು. ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ ಅನ್ನುವ ತ್ರಿಪದಿ ಅಲ್ಲಿದೆ. ಬರೆದವನು ಯಾರು? ಗೊತ್ತಿಲ್ಲ. ಬೆಳಗ್ಗೆ ಬರೆದನೋ ರಾತ್ರಿಯೋ, ಎಷ್ಟು ಸಲ ತಿದ್ದಿದನೋ, ಅದೂ ಗೊತ್ತಿಲ್ಲ. ಹದಿಮೂರು ಶತಮಾನ ಕಳೆದರೂ ಕವಿತೆಗೆ ಏನೂ ಕೊರತೆ ಆಗಿಲ್ಲ.

ಪರವಾಗಿ ಬರೆದ ವಿಜಯಪುರದ ಅಕ್ಕೋರ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡುಗಳನ್ನು ಪುಸ್ತಕ ಮಾಡಿದರು. ಬೀಸುವ ಕಲ್ಲಿನ ಮುಂದೆ ಕೂತು ಹೆಣ್ಣುಮಕ್ಕಳು ಹಾಡಿದ ತ್ರಿಪದಿಗಳು. ತ್ರಿಪದಿ ಸುಲಭದ ಛಂದಸ್ಸಲ್ಲ. ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಚಿಕ್ಕದಾದ ಬ್ರಹ್ಮಗಣ, ಉಳಿದದ್ದೆಲ್ಲ ಅದಕ್ಕಿಂತ ದೊಡ್ಡ ವಿಷ್ಣುಗಣ. ಈ ಹೆಸರನ್ನೇ ಕೇಳದ ಅಜ್ಜಿಯರು ಆರನೆಯ ಜಾಗದಲ್ಲಿ ಬ್ರಹ್ಮಗಣವನ್ನು ಸರಿಯಾಗಿ ಇಟ್ಟರು. ಯಾವ ಕಮ್ಮಟದಲ್ಲಿ ಕಲಿತರು? ಒಬ್ಬಳು ಹಾಡಿದ್ದನ್ನು ಇನ್ನೊಬ್ಬಳು ಕೇಳಿದಳು, ಅಷ್ಟೇ. ಕವಿರಾಜಮಾರ್ಗವನ್ನು ಅಕ್ಕೋರು ಕರೆತಂದರು. ಸರಿ. ಓದದೆಯೇ ಕಾವ್ಯದಲ್ಲಿ ಪಳಗಿದ ಜನ ಅಂತ ಈ ನಾಡಿನವರನ್ನು ಹೊಗಳಿದ್ದೂ ಅದೇ ಪುಸ್ತಕ.

ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಕವನ ಸಂಕಲನಗಳು ನನ್ನ ಕೈಮೇಲೆ ಹಾಯ್ದು ಹೋಗುತ್ತವೆ. ಒಮ್ಮೆ ಒಬ್ಬ ಕವಿ ಕೊನೆಯ ಪ್ರೂಫ್‌ನಲ್ಲಿ ಬಂದು ಒಂದು ಸಾಲನ್ನೇ ತೆಗೆಸಿದರು. ಚಲೋ ಸಾಲು. "ಯಾಕ್ರೀ?" ಅಂತ ಕೇಳಿದೆ. "ಸುಮ್ನೆ. ಕಿವಿಗೆ ಯಾಕೋ ಸರಿ ಬರಲಿಲ್ಲ" ಅಂದರು. ನಾನು ಕೇಳಿದ ಅತ್ಯಂತ ಪ್ರಾಮಾಣಿಕವಾದ ಕಾವ್ಯ ಚರ್ಚೆ ಅದು. ಪುಸ್ತಕ ಬಿಡುಗಡೆಯ ದಿನ ಅದೇ ಮನುಷ್ಯ ಮೈಕ್ ಮುಂದೆ ನಿಂತು ಮೌನ, ಶೂನ್ಯ, ಅಸ್ಮಿತೆ ಅಂತ ಅರ್ಧ ಗಂಟೆ ಮಾತಾಡಿದರು. ಸುಳ್ಳು ಹೇಳಿದರು ಅಂತ ನಾನನ್ನುವುದಿಲ್ಲ. ಪ್ರಶ್ನೆ ದೊಡ್ಡದಾಗಿ ಕೇಳಿದರೆ ಉತ್ತರವೂ ದೊಡ್ಡದಾಗಿ ಬರಬೇಕು ಅನ್ನಿಸುತ್ತದೆ. ಇಲ್ಲದ್ದನ್ನು ಸೇರಿಸಬೇಕಾಗುತ್ತದೆ. ಬರೆಯುವ ಹೊತ್ತಿನಲ್ಲಿ ಏನಾಯಿತು ಅನ್ನುವುದು ಬರೆದವನಿಗೇ ಸರಿಯಾಗಿ ನೆನಪಿರುವುದಿಲ್ಲ. ಆಮೇಲೆ ಕಟ್ಟಿದ ಕಥೆಯನ್ನು ನಾಲ್ಕು ವೇದಿಕೆಯಲ್ಲಿ ಹೇಳಿದರೆ ಅದೇ ನೆನಪಾಗಿ ಕೂತುಬಿಡುತ್ತದೆ.

ಹಳಬರೂ ಇದಕ್ಕೆ ಹೊರತಲ್ಲ. ಹಲಗೆ ಬಳಪ ಹಿಡಿಯುವುದಿಲ್ಲ, ಇಟ್ಟ ಪದವನ್ನು ಅಳಿಸುವುದಿಲ್ಲ ಅಂತ ಕುಮಾರವ್ಯಾಸ ಹೇಳಿಕೊಂಡ. ಆ ಕಾವ್ಯ ನನಗೆ ಪ್ರಾಣ. ಆದರೆ ಈ ಮಾತನ್ನು ನಾನು ನಂಬಬೇಕಾ? ಅದು ಠೇಂಕಾರ. ಚೆಂದದ ಠೇಂಕಾರ. ಪಂಪನ ಆರು ತಿಂಗಳೂ ಅಂಥದ್ದೇ. ಎಷ್ಟು ದಿನ ಹಿಡಿಯಿತು ಅಂತ ಹೇಳಿದ. ಹೇಗೆ ಬರೆದೆ ಅಂತ ಹೇಳಿದನೇ? ಇನ್ನು ನಮ್ಮ ರನ್ನ. ನನ್ನ ಕಾವ್ಯವನ್ನು ಪರೀಕ್ಷಿಸಲು ನಿನಗೆ ಎಂಟು ಎದೆ ಇದೆಯಾ ಅಂತ ಸವಾಲು ಹಾಕಿದ. ಅದನ್ನು ಕೇಳಿ ಯಾರಾದರೂ ಕಂದಪದ್ಯ ಕಟ್ಟಲು ಕಲಿಯಬಹುದು ಅನ್ನುವುದಾದರೆ ನನ್ನ ತಕರಾರಿಲ್ಲ. ಬಸವಣ್ಣನವರ ಮಾತಿಗೆ ಮಾತ್ರ ತಲೆಬಾಗುತ್ತೇನೆ. ಅವರು ಅದನ್ನು ಹೇಳಿದ್ದು ವಚನದ ಒಳಗೆ. ಒಲಿದಂತೆ ಹಾಡುವೆ ಅನ್ನುವುದೇ ಹಾಡಾಗಿದೆ. ಹಾಡಿ ಮುಗಿಸಿ, ಕೈಗೆ ಮೈಕ್ ತಗೊಂಡು, "ಈ ವಚನದ ಹಿನ್ನೆಲೆ ಏನಪ್ಪಾ ಅಂದರೆ" ಅಂತ ಶುರು ಮಾಡಲಿಲ್ಲ.

ಬೇಂದ್ರೆ ಕವಿತೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನಗೂ ಅಕ್ಕೋರಿಗೂ ನಿಜವಾದ ಜಗಳ ಇಲ್ಲೇ. ಹಿನ್ನೆಲೆ ಕೇಳಿದ ಮೇಲೆ ಮಕ್ಕಳ ದನಿ ಬದಲಾಗುತ್ತದೆ ಅಂದರು. ಬದಲಾಗದೆ ಏನು? ಮಗು ಸತ್ತ ಸುದ್ದಿ ಕೇಳಿದರೆ ಯಾರ ದನಿಯಾದರೂ ಬದಲಾಗುತ್ತದೆ. ಅಲ್ಲಿ ಕೆಲಸ ಮಾಡಿದ್ದು ಸುದ್ದಿಯೋ, ಸಾಲೋ? ಹಿನ್ನೆಲೆ ಗೊತ್ತಿಲ್ಲದೆ ಅದನ್ನು ಗಂಡ ಹೆಂಡಿರ ಮುನಿಸಿನ ಹಾಡು ಅಂತ ಕೇಳಿದವರಿಗೂ ಎಲ್ಲೋ ಏನೋ ಚುಚ್ಚುತ್ತದೆ. ಯಾಕೆ ಚುಚ್ಚಿತು ಅಂತ ಹುಡುಕುತ್ತಾ ಕವಿತೆಗೆ ಮತ್ತೆ ಹೋಗುತ್ತಾರೆ. ಹಿನ್ನೆಲೆ ಮೊದಲೇ ಕೊಟ್ಟರೆ ಹುಡುಕುವ ಕೆಲಸವೇ ಉಳಿಯುವುದಿಲ್ಲ. ಅದೇ ಬೇಂದ್ರೆಯವರು 1932ರಲ್ಲಿ "ನರಬಲಿ" ಕವಿತೆಯ ದೆಸೆಯಿಂದ ನಮ್ಮೂರಿನ ಹಿಂಡಲಗಾ ಜೈಲಿನಲ್ಲಿದ್ದರು. ಆ ಕವಿತೆ ಏನು ಮಾಡಬಲ್ಲದು ಅಂತ ಬ್ರಿಟಿಷರಿಗೆ ಯಾವ ಸಂವಾದವೂ ಇಲ್ಲದೆ ತಿಳಿದಿತ್ತಲ್ಲ!

ರಾಮಾನುಜನ್ ಹೆಸರು ಬಂದದ್ದು ಒಳ್ಳೆಯದಾಯಿತು. ಅವರು ತೀರಿಕೊಂಡದ್ದು 1993ರಲ್ಲಿ. ಅವರ ದಿನಚರಿಗಳು ಪುಸ್ತಕವಾಗಿ ಬಂದದ್ದು 2019ರಲ್ಲಿ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕಾಗದ ಮಾತಾಡಲಿ. ಕಾಗದಕ್ಕೆ ಎದುರಿಗೆ ಕೂತವರನ್ನು ಮೆಚ್ಚಿಸುವ ಆಸೆ ಇರುವುದಿಲ್ಲ. ಹಾಗಾಗಿ ಕರಡು ಪ್ರತಿ ತೋರಿಸಿ ಅನ್ನುವ ಅಕ್ಕೋರ ಬೇಡಿಕೆಗೆ ನಾನು ಅರ್ಧ ಹೂಂ ಅನ್ನುತ್ತೇನೆ. ಇನ್ನರ್ಧಕ್ಕೆ ಯಾಕಿಲ್ಲ ಅಂದರೆ, ಕಮ್ಮಟದಿಂದ ಹೊರಬಂದ ಹುಡುಗರನ್ನು ಮಾತಾಡಿಸಿ ನೋಡಿದ್ದೇನೆ. ಆ ಸಾರ್ ನಸುಕಿನಾಗ ಎದ್ದು ಬರೀತಾರಂತ, ಈ ಮೇಡಂ ಪೆನ್ಸಿಲ್‌ನಾಗ ಬರೀತಾರಂತ. ಇಷ್ಟೇ ಉಳಿದಿರುತ್ತದೆ. ಒಬ್ಬನಿಗೂ ಆ ಸಾರ್ ಬರೆದ ನಾಲ್ಕು ಸಾಲು ಬಾಯಿಗೆ ಬರುವುದಿಲ್ಲ.

ಇದೆಲ್ಲ ಬಿಟ್ಟರೂ ಒಂದು ಭಯ ನನಗೆ ನಿಜವಾಗಿ ಇದೆ. ಇತ್ತೀಚೆಗೆ ಕೈಗೆ ಬರುವ ಕವಿತೆಗಳಲ್ಲಿ ಕೆಲವನ್ನು ಓದುವಾಗ, ಇದರ ಹುಟ್ಟಿನ ಕಥೆ ಮೊದಲು ತಯಾರಾಗಿ ಕವಿತೆ ಆಮೇಲೆ ಬಂದಿದೆ ಅನ್ನಿಸುತ್ತದೆ. ಕವಿತೆ ತೆಳ್ಳಗಿರುತ್ತದೆ, ಕಥೆ ಭರ್ಜರಿಯಾಗಿರುತ್ತದೆ. ಸಂಕಲನದ ಹಿಂದೆ ಮುಂದೆ ನನ್ನ ಮಾತು, ಮುನ್ನುಡಿ, ಬೆನ್ನುಡಿ ಅಂತ ಪುಟ ತುಂಬುತ್ತದೆ. ಗೋಷ್ಠಿಯಲ್ಲಂತೂ ಹತ್ತು ನಿಮಿಷ ಪೀಠಿಕೆ, ಒಂದೂವರೆ ನಿಮಿಷ ಕವಿತೆ. ಹೇಳಲು ಕಥೆಯೇ ಇಲ್ಲದ ಕವಿತೆ ಬರೆಯುವವನು, ಸುಮ್ಮನೆ ಕಿವಿ ನಂಬಿ ಕೂತವನು, ಇಂಥ ಕಡೆ ಪೆಚ್ಚಾಗುತ್ತಾನೆ. ಮುಂದಿನ ಸಲ ಅವನನ್ನು ಕರೆಯುವುದೂ ಇಲ್ಲ.

ನಮ್ಮ ಕಡೆಯ ನಾಟಕ ಕಂಪನಿಗಳಲ್ಲಿ ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಅಂತ ಕೂಗುತ್ತಿದ್ದರು. ನಟ ಇನ್ನೊಮ್ಮೆ ಹಾಡುತ್ತಿದ್ದ. ಈ ರಾಗ ಹೇಗೆ ಹೊಳೆಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಕವಿಗೋಷ್ಠಿಯ ಸಂವಾದದ ಹೊತ್ತಿನಲ್ಲಿ ನಾನು ಎದ್ದು ನಿಲ್ಲುವುದೂ ಅದಕ್ಕೇ. "ಆ ಎರಡನೇದು ಇನ್ನೊಮ್ಮೆ ಓದ್ರಿ" ಅನ್ನುತ್ತೇನೆ. ಸಂಘಟಕರಿಗೆ ಸಿಟ್ಟು ಬರುತ್ತದೆ, ಸಮಯ ಇಲ್ಲ ಅನ್ನುತ್ತಾರೆ. ಕವಿಗಳು ಮಾತ್ರ ಖುಷಿಯಿಂದ ಓದುತ್ತಾರೆ.