ನೂರೈವತ್ತೋ ನೂರರವತ್ತೋ

ಕ್ರಿಕೆಟ್ ಪಿಚ್ಚು 22 ಗಜ. ಇವತ್ತೂ ಅಷ್ಟೇ, ನಾಳೆಯೂ ಅಷ್ಟೇ. ಆಡುವವರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗಾಲ್ಫಿನವರಿಗೆ ಆ ನೆಮ್ಮದಿ ಇಲ್ಲ. ಚೆಂಡು ಹೋಗಿ ಬಿದ್ದ ಕಡೆಯಿಂದ ಪ್ರತಿ ಸಲವೂ ಹೊಸ ಲೆಕ್ಕ. ಅದು ಸಾಲದು ಅಂತ ಗ್ರೀನು ಎಂಬ ನುಣ್ಣನೆ ಹುಲ್ಲಿನ ಅಂಗಳದ ಮೇಲಿನ ಕುಳಿಯನ್ನೂ ಆಗಾಗ ಜಾಗ ಬದಲಿಸಿ ತೋಡುತ್ತಾರೆ. ಕುಳಿಯ ಗುರುತಿಗೆ ನೆಟ್ಟ ಬಾವುಟ ನಿನ್ನೆ ಮುಂದೆ ನಿಂತಿದ್ದರೆ ಇವತ್ತು ಹಿಂದಿನ ಮೂಲೆಯಲ್ಲಿರುತ್ತದೆ. ಬ್ಯಾಗಿನಲ್ಲಿ 14 ಕ್ಲಬ್, ಅಂದರೆ ಹೊಡೆಯುವ ಕೋಲು, ಇಟ್ಟುಕೊಳ್ಳಲು ನಿಯಮ ಬಿಡುತ್ತದೆ. ಐರನ್ ಎಂಬ ಕ್ಲಬ್ಬುಗಳಲ್ಲಿ ಒಂದಕ್ಕೂ ಅದರ ಪಕ್ಕದ್ದಕ್ಕೂ ಹತ್ತು ಹನ್ನೆರಡು ಗಜದ ವ್ಯತ್ಯಾಸ. ಹಾಗಾಗಿ ಬಾವುಟ 150 ಗಜ ದೂರದಲ್ಲಿದೆಯೋ 160ರಲ್ಲಿದೆಯೋ ಅಂತ ಗೊತ್ತಾಗುವವರೆಗೆ ಕೈ ಯಾವ ಕ್ಲಬ್ಬಿನ ಮೇಲೂ ಗಟ್ಟಿಯಾಗಿ ಕೂರುವುದಿಲ್ಲ.

ಈ ಸಂಕಟಕ್ಕೆಂದೇ ಒಂದು ದೊಡ್ಡ ಮಾರುಕಟ್ಟೆ ಹುಟ್ಟಿಕೊಂಡಿದೆ. ಕಣ್ಣಿಗೆ ಹಿಡಿದು ನೋಡುವ ಲೇಸರ್ ರೇಂಜ್‌ಫೈಂಡರ್, ಮಣಿಕಟ್ಟಿನ ಮೇಲೆ ಕೂರುವ ಜಿಪಿಎಸ್ ವಾಚು, ಜೇಬಿನ ಫೋನಿನಲ್ಲಿರುವ ಆಪ್, ಲೇಸರ್, ಜಿಪಿಎಸ್ ಎರಡನ್ನೂ ಒಂದೇ ಡಬ್ಬಿಗೆ ತುರುಕಿದ ಮಿಶ್ರತಳಿ. ಕೊಳ್ಳಲು ಹೊರಟವರಿಗೆ ತಲೆ ತಿರುಗುತ್ತದೆ. ಯಾರನ್ನು ಕೇಳಿದರೂ ತಾವು ಕೊಂಡದ್ದೇ ಸರಿ ಅನ್ನುತ್ತಾರೆ. ನಾನೂ ಆ ಪೈಕಿಯೇ, ಮುಂದೆ ಗೊತ್ತಾಗುತ್ತದೆ.

ಇವೆಲ್ಲ ಇಲ್ಲದ ಕಾಲದಲ್ಲಿ ಕಣ್ಣಳತೆಯೇ ಗತಿ. 1961ರಲ್ಲಿ ಪೆಬಲ್ ಬೀಚ್‌ನಲ್ಲಿ ಅಮೆರಿಕದ ಹವ್ಯಾಸಿ ಚಾಂಪಿಯನ್‌ಶಿಪ್ ನಡೆದಾಗ ಡೀನ್ ಬೀಮನ್ ಎಂಬ ಆಟಗಾರ ಮುಂದೆ ದೊಡ್ಡ ಹೆಸರು ಮಾಡಿದ ಜ್ಯಾಕ್ ನಿಕ್ಲಸ್‌ಗೆ ಒಂದು ಉಪಾಯ ಹೇಳಿಕೊಟ್ಟರು. ಆಟಕ್ಕೆ ಮೊದಲೇ ಮೈದಾನ ಸುತ್ತುವುದು, ಗುರುತಿನ ಮರದಿಂದಲೋ ಬಂಕರ್ ಎಂಬ ಮರಳುಗುಂಡಿಯಿಂದಲೋ ಗ್ರೀನಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ ಬರೆದಿಟ್ಟುಕೊಳ್ಳುವುದು. ನಿಕ್ಲಸ್ ಎಣಿಸಿದರು, ಗೆದ್ದರು, ಮುಂದೆಯೂ ಆ ಅಭ್ಯಾಸ ಬಿಡಲಿಲ್ಲ. ತಮಾಷೆಯೆಂದರೆ, ಅವರು ಹಾಗೆ ಹೆಜ್ಜೆ ಎಣಿಸುತ್ತಿದ್ದ ಹೊತ್ತಿಗೆ ಲೇಸರ್ ಹುಟ್ಟಿ ವರ್ಷ ದಾಟಿತ್ತು. 1960ರ ಮೇ ತಿಂಗಳಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಬೆಳಗಿಸಿದ್ದರು. ಅದು ಸಣ್ಣದಾಗಿ, ಅಗ್ಗವಾಗಿ ಗಾಲ್ಫ್ ಬ್ಯಾಗಿಗೆ ಇಳಿಯಲು ಇನ್ನೂ ಮೂವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಲ್ಲಿಯವರೆಗೆ ಸಾಮಾನ್ಯ ಆಟಗಾರನ ಕೈಹಿಡಿದದ್ದು 150 ಗಜಕ್ಕೆ ನೆಟ್ಟ ಗೂಟ, ನೀರು ಚಿಮ್ಮುವ ಸ್ಪ್ರಿಂಕ್ಲರ್ ಮುಚ್ಚಳದ ಮೇಲೆ ಕೊರೆದ ಅಂಕಿ. ಅವು ಈಗಲೂ ಇವೆ. ಬ್ಯಾಟರಿ ಬೇಡ, ಚಾರ್ಜ್ ಬೇಡ. ಸ್ಪ್ರಿಂಕ್ಲರ್ ಹುಡುಕಿಕೊಂಡು ಹುಲ್ಲಿನಲ್ಲಿ ಓಡಾಡುವ ತಾಳ್ಮೆ ಮಾತ್ರ ಬೇಕು.

ಲೇಸರ್ ಮಾಡುವ ಕೆಲಸ ಕೇಳಿದರೆ ಮೂಗಿನ ಮೇಲೆ ಬೆರಳಿಡಬೇಕು. ಗುಂಡಿ ಒತ್ತಿದಾಗ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ತುಣುಕುಗಳು ಹೊರಡುತ್ತವೆ, ಎದುರಿನ ವಸ್ತುವಿಗೆ ತಾಗಿ ಮರಳುತ್ತವೆ. ಹೋಗಿ ಬರಲು ಹಿಡಿದ ಸಮಯವೇ ದೂರದ ಲೆಕ್ಕ. 150 ಗಜ ಅಂದರೆ ಸುಮಾರು 137 ಮೀಟರ್. ಅಷ್ಟು ದೂರ ಹೋಗಿ ಬರಲು ಬೆಳಕಿಗೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗವೂ ಪೂರ್ತಿ ಬೇಡ. 150ಕ್ಕೂ 151ಕ್ಕೂ ಇರುವ ವ್ಯತ್ಯಾಸ ಹಿಡಿಯಬೇಕಾದರೆ 6 ನ್ಯಾನೊಸೆಕೆಂಡ್ ಅಳೆಯಬೇಕು. ಅಂದರೆ ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ, ಅದರಲ್ಲಿ ಆರು ಚೂರು. ಅಂಗೈಯಗಲದ ಡಬ್ಬಿ ಅಷ್ಟನ್ನೂ ಕಣ್ಣು ಮಿಟುಕಿಸುವುದರಲ್ಲಿ ಮಾಡಿ ಮುಗಿಸುತ್ತದೆ. ನಾವು ಆ ಅಂಕಿ ಇಟ್ಟುಕೊಂಡು ಚೆಂಡನ್ನು ಮರಳಿಗೆ ಹೊಡೆಯುತ್ತೇವೆ.

ಆದರೆ ಮೊದಲು ಬೆಳಕು ಬಾವುಟಕ್ಕೆ ತಾಗಬೇಕಲ್ಲ. ಬಾವುಟದ ಕೋಲು 2 ಅಂಗುಲಕ್ಕಿಂತ ದಪ್ಪ ಇರುವಂತಿಲ್ಲ ಅನ್ನುತ್ತದೆ ನಿಯಮ. ಮೈದಾನದಲ್ಲಿ ಕಾಣುವುದು ಅದಕ್ಕಿಂತ ತೆಳ್ಳಗೇ. ಹೆಚ್ಚಿನ ಲೇಸರ್‌ಗಳು ನೋಟವನ್ನು 6 ಪಟ್ಟು ದೊಡ್ಡದು ಮಾಡುತ್ತವೆ. ಕೈ ನಡುಕವನ್ನೂ 6 ಪಟ್ಟು ದೊಡ್ಡದು ಮಾಡುತ್ತವೆ ಅಂತ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಯಂತ್ರ ಒತ್ತಿ ಹಿಡಿದರೆ ಬಾವುಟ ಕುಡಿದವನ ಹಾಗೆ ತೂರಾಡುತ್ತದೆ. ಒಮ್ಮೆ ಗುಂಡಿ ಒತ್ತಿದರೆ 148. ಇನ್ನೊಮ್ಮೆ ಒತ್ತಿದರೆ 171. ಎರಡನೆಯದು ಹಿಂದಿನ ಮರದ ದೂರ. ಮೂರನೆಯ ಸಲಕ್ಕೆ ಮೊದಲನೆಯದರ ಮೇಲೂ ಅನುಮಾನ. ಅದಕ್ಕೇ ಈಗಿನವುಗಳಲ್ಲಿ ಪಿನ್, ಅಂದರೆ ಬಾವುಟದ ಕೋಲು, ಹಿಡಿಯುವ ವ್ಯವಸ್ಥೆ ಇರುತ್ತದೆ. ಬಾವುಟ, ಮರ ಎರಡೂ ಸಿಕ್ಕಿದರೆ ಹತ್ತಿರದ್ದನ್ನು ಆರಿಸಿಕೊಂಡು, ಸಿಕ್ಕಿತು ಅಂತ ಕೈಯಲ್ಲೇ ಸಣ್ಣಗೆ ಗುರ್ರೆಂದು ಅದುರುತ್ತದೆ. ಕೆಲವು ಮೈದಾನಗಳಲ್ಲಿ ಕೋಲಿನ ತುದಿಗೆ ಪ್ರಿಸಂ ಕೂರಿಸಿರುತ್ತಾರೆ, ಬೆಳಕು ನೇರವಾಗಿ ವಾಪಸ್ ಬರಲಿ ಅಂತ. ಕೊಳ್ಳುವಾಗ ನೋಡಬೇಕಾದ್ದು ಈ ಹಿಡಿತವನ್ನು. ಡಬ್ಬಿಯ ಮೇಲಿನ 1,000 ಗಜ ಎಂಬ ದಪ್ಪ ಅಕ್ಷರವನ್ನಲ್ಲ. ಆ ಸಾವಿರ ಗಜ ಚೆನ್ನಾಗಿ ಬೆಳಕು ಮರಳಿಸುವ ದೊಡ್ಡ ವಸ್ತುವಿನ ಲೆಕ್ಕ, ಬಾವುಟಕ್ಕೆ ಅದು ಅನ್ವಯಿಸುವುದಿಲ್ಲ. ಅಷ್ಟು ದೂರದಿಂದ ಯಾರೂ ಬಾವುಟಕ್ಕೆ ಹೊಡೆಯುವುದೂ ಇಲ್ಲ.

ಲೇಸರ್‌ಗೆ ಇನ್ನೊಂದು ಕೊರತೆ ಇದೆ. ಕಂಡದ್ದನ್ನಷ್ಟೇ ಅಳೆಯುತ್ತದೆ. ಗ್ರೀನು ದಿಬ್ಬದ ಆಚೆ ಇದ್ದರೆ, ದಾರಿ ಮರಗಳ ಹಿಂದೆ ತಿರುಗಿದ್ದರೆ, ಮಂಜು ಕವಿದಿದ್ದರೆ, ಅದು ಕೈಚೆಲ್ಲುತ್ತದೆ.

ಅಲ್ಲಿ ಜಿಪಿಎಸ್ ಬೇಕು. 20,000 ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ನಾವು ನಿಂತ ಜಾಗ ಹೇಳುತ್ತವೆ. ಗ್ರೀನು ಎಲ್ಲಿದೆ ಎಂಬ ನಕ್ಷೆ ವಾಚಿನೊಳಗೆ ಮೊದಲೇ ಇರುತ್ತದೆ. ನಡುವಿನ ದೂರ ಬರೀ ಲೆಕ್ಕ. ಹಿಂದೆ ಇದು ಸಾಧ್ಯವಿರಲಿಲ್ಲ. ಜನಸಾಮಾನ್ಯರಿಗೆ ಸಿಗುತ್ತಿದ್ದ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು, ನೂರು ಮೀಟರ್‌ವರೆಗೂ ಹೆಚ್ಚುಕಡಿಮೆ ಆಗುವ ಹಾಗೆ. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಗಾಲ್ಫಿನ ಜಿಪಿಎಸ್ ಯಂತ್ರಗಳಿಗೆ ಅಸಲಿ ಜೀವ ಬಂದದ್ದು ಆಮೇಲೆ. ಈಗ ಬಯಲಿನಲ್ಲಿ ನಿಂತರೆ ತಪ್ಪು ಕೆಲವೇ ಮೀಟರ್. ಗಾಲ್ಫಿನಲ್ಲಿ ಆಕಾಶಕ್ಕೇನೂ ಬರವಿಲ್ಲ.

ನನ್ನ ಕೈಯಲ್ಲಿರುವುದು ವಾಚು. ಅದರ ಮುಖದ ಮೇಲೆ ಮೂರು ಅಂಕಿ, ಒಂದರ ಕೆಳಗೊಂದು. ಮೇಲೆ 163, ನಡುವೆ ದಪ್ಪಗೆ 149, ಕೆಳಗೆ 136. ಗ್ರೀನಿನ ಹಿಂದಿನ ಅಂಚು, ನಡು, ಮುಂದಿನ ಅಂಚು. ಹತ್ತು ಹೆಜ್ಜೆ ನಡೆದರೆ ಮೂರೂ ಇಳಿಯುತ್ತವೆ. ಬಾವುಟ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಲೇಸರ್ ಕೊಂಡವರು ಇದನ್ನೇ ಎತ್ತಿ ಆಡುತ್ತಾರೆ: ಬಾವುಟವೇ ಗೊತ್ತಿಲ್ಲದ ಯಂತ್ರ ಯಾಕಪ್ಪಾ?

ಬಾವುಟ ಗೊತ್ತಿಲ್ಲದಿರುವುದೇ ನನ್ನಂಥವರಿಗೆ ಕ್ಷೇಮ ಅನ್ನುವುದು ನನ್ನ ವಾದ. ಬಾವುಟ ಮುಂದಿನ ಅಂಚಿಗೆ ಹತ್ತಿರ ಇದೆ, ಅದರ ಮುಂದೆ ಬಂಕರು ಬಾಯಿ ತೆರೆದು ಕೂತಿದೆ ಅಂದುಕೊಳ್ಳಿ. ಲೇಸರ್ 141 ಅನ್ನುತ್ತದೆ. ಅಷ್ಟು ಖಚಿತವಾಗಿ ಹೇಳಿದ ಮೇಲೆ ಮನಸ್ಸು ಸುಮ್ನೆ ಇರುತ್ತದೆಯೇ? 140 ಹೋಗುವ ಕ್ಲಬ್ ಕೈಗೆ ಬರುತ್ತದೆ. ಅದು 140 ಹೋಗುವುದು ಚೆಂಡು ಕ್ಲಬ್ಬಿನ ನಡುಮಧ್ಯಕ್ಕೆ ಸಿಕ್ಕಿದಾಗ. ಹವ್ಯಾಸಿಗಳಿಗೆ ಹಾಗೆ ಸಿಗುವುದು ಅಪರೂಪ. ಉಳಿದ ಹೊಡೆತಗಳೆಲ್ಲ ಗಿಡ್ಡ. ಹವ್ಯಾಸಿಗಳ ಚೆಂಡು ಗ್ರೀನಿನ ಹಿಂದೆ ಬೀಳುವುದಕ್ಕಿಂತ ಮುಂದೆ ಬೀಳುವುದೇ ಜಾಸ್ತಿ. ಅದೇ ಜಾಗದಲ್ಲಿ ವಾಚು 149 ಅನ್ನುತ್ತದೆ, ಒಂದು ಕ್ಲಬ್ ದೊಡ್ಡದನ್ನು ತೆಗೆಸುತ್ತದೆ. ಚೆನ್ನಾಗಿ ಬಿದ್ದರೆ ಗ್ರೀನಿನ ನಡು. ಸ್ವಲ್ಪ ಕೆಟ್ಟರೆ ಬಾವುಟದ ಪಕ್ಕ! ಅದನ್ನು ನೋಡಿ ಜೊತೆಗಾರರು ಭಲೇ ಅಂದರೆ ನಾನು ಬಾಯಿ ಬಿಡುವುದಿಲ್ಲ.

ದೊಡ್ಡ ಆಟಗಾರರ ಕಥೆಯೂ ಇದಕ್ಕಿಂತ ಬಹಳ ದೂರವಿಲ್ಲ. 2021ರಲ್ಲಿ ಕಿಯಾವಾ ಐಲೆಂಡ್‌ನಲ್ಲಿ ನಡೆದ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ದೂರ ಅಳೆಯುವ ಯಂತ್ರಗಳಿಗೆ ಅನುಮತಿ ಸಿಕ್ಕಿತು. 50ರ ವಯಸ್ಸಿನಲ್ಲಿ ಫಿಲ್ ಮಿಕಲ್ಸನ್ ಗೆದ್ದು ದಾಖಲೆ ಬರೆದದ್ದು ಅದೇ ಪಂದ್ಯ. 2025ರಲ್ಲಿ ವೃತ್ತಿಪರರ ಪಂದ್ಯಸರಣಿಯಾದ ಪಿಜಿಎ ಟೂರ್ ಕೂಡ ಕೆಲವು ಪಂದ್ಯಗಳಲ್ಲಿ ಪರೀಕ್ಷೆಗೆಂದು ಬಿಟ್ಟು ನೋಡಿತು. ಲೇಸರ್ ಬಂದರೂ ಆಟಗಾರರ ಬ್ಯಾಗು ಹೊರುವ ಕ್ಯಾಡಿಗಳು ಹಳೆಯ ಅಳತೆಪುಸ್ತಕ ಬಿಸಾಡಲಿಲ್ಲ. ಮುಂದಿನ ಅಂಚಿಗೆ ಎಷ್ಟು, ಬಂಕರ್ ದಾಟಲು ಎಷ್ಟು, ಬಾವುಟದ ಹಿಂದೆ ಎಷ್ಟು ಜಾಗ ಉಳಿದಿದೆ ಅನ್ನುವುದೆಲ್ಲ ಅವರಿಗೆ ಬೇಕು. ಬಾವುಟದ ದೂರ ಆ ಲೆಕ್ಕದಲ್ಲಿ ಒಂದು ಅಂಕಿ ಅಷ್ಟೇ.

ಇನ್ನು ಸ್ಲೋಪ್, ಅಂದರೆ ಏರುತಗ್ಗಿನ ಲೆಕ್ಕ. ಅಂಗಡಿಯವರು ಇದನ್ನು ಹೇಳದೆ ಬಿಡುವುದಿಲ್ಲ. ಗ್ರೀನು ಎತ್ತರದಲ್ಲಿದ್ದರೆ ಚೆಂಡು ಬೇಗ ನೆಲಕ್ಕೆ ತಾಗುತ್ತದೆ, ತಗ್ಗಿನಲ್ಲಿದ್ದರೆ ಇನ್ನಷ್ಟು ಮುಂದೆ ಹೋಗಿ ಬೀಳುತ್ತದೆ. ಐರನ್ನಿನಿಂದ ಎದ್ದ ಚೆಂಡು ಕೆಳಗಿಳಿಯುವುದು ಹೆಚ್ಚುಕಡಿಮೆ 45ರಿಂದ 50 ಡಿಗ್ರಿ ಕೋನದಲ್ಲಿ. ಹಾಗಾಗಿ ಒಂದು ಗಜ ಎತ್ತರಕ್ಕೆ ಒಂದು ಗಜ ಜಾಸ್ತಿ ಅನ್ನುವ ಕೈಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. ಯಂತ್ರದೊಳಗಿನ ಕೋನಮಾಪಕ ಇದೇ ಲೆಕ್ಕವನ್ನು ಇನ್ನಷ್ಟು ನಾಜೂಕಾಗಿ ಮಾಡಿ, 150ರ ಕೆಳಗೆ ಸಣ್ಣದಾಗಿ 158 ಅಂತ ತೋರಿಸುತ್ತದೆ. ಏರುತಗ್ಗಿನ ಮೈದಾನದಲ್ಲಿ ಆಡುವವರಿಗೆ ಇದು ನಿಜಕ್ಕೂ ಉಪಕಾರಿ. ಚಪ್ಪಟೆ ನೆಲದಲ್ಲೇ ಆಡುವವರು ಇದಕ್ಕೆಂದು ಹೆಚ್ಚು ದುಡ್ಡು ಸುರಿಯುವುದು ದಂಡ.

ಸ್ಪರ್ಧೆಯಲ್ಲಿ ಮಾತ್ರ ಸ್ಲೋಪಿಗೆ ಜಾಗವಿಲ್ಲ. 2019ಕ್ಕೆ ಮೊದಲು ದೂರ ಅಳೆಯುವ ಯಂತ್ರಕ್ಕೇ ನಿಷೇಧ, ಸ್ಥಳೀಯ ನಿಯಮ ಒಪ್ಪಿದರೆ ಮಾತ್ರ ಬಳಸಬಹುದಿತ್ತು. 2019ರಿಂದ ಅದು ತಿರುಗಿತು. ಸ್ಥಳೀಯ ನಿಯಮ ಬೇಡ ಅನ್ನದಿದ್ದರೆ ಬಳಸಬಹುದು. ಆದರೆ ಅಳೆಯಬಹುದಾದದ್ದು ದೂರ ಮತ್ತು ದಿಕ್ಕು. ಏರಿಳಿತ ಅಳೆಯುವಂತಿಲ್ಲ, ಯಂತ್ರದಿಂದ ಕ್ಲಬ್ ಆರಿಸಿಕೊಳ್ಳುವಂತಿಲ್ಲ. ಮೊದಲ ಸಲ ತಪ್ಪಿದರೆ ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ 2 ಹೊಡೆತ ದಂಡ, ಮತ್ತೊಮ್ಮೆ ತಪ್ಪಿದರೆ ಆಟದಿಂದಲೇ ಹೊರಗೆ. ಆದ್ದರಿಂದ ಸ್ಲೋಪ್ ಇರುವ ಲೇಸರ್ ಕೊಳ್ಳುವುದಾದರೆ ಸ್ಲೋಪನ್ನು ಬಂದ್ ಮಾಡುವ ಸ್ವಿಚ್ಚು ಹೊರಗೇ, ಬೇರೆಯವರಿಗೂ ಕಾಣುವ ಹಾಗೆ ಇರುವುದನ್ನು ನೋಡಿ. ನಾವು ಪ್ರಾಮಾಣಿಕರು ಅಂತ ನಮಗೆ ಗೊತ್ತಿದ್ದರೆ ಸಾಲದು, ಎದುರಾಳಿಗೂ ಕಾಣಬೇಕು.

ಚಿಲ್ಲರೆ ವಿಷಯಗಳೂ ಇವೆ. ಮುಸ್ಸಂಜೆ ಆಡುವವರಿಗೆ ಕಪ್ಪು ಅಕ್ಷರದ ಪರದೆ ಕಾಣುವುದಿಲ್ಲ, ಕೆಂಪಾಗಿ ಹೊಳೆಯುವುದು ಬೇಕು. ಕನ್ನಡಕ ಹಾಕುವವರು ಅಂಗಡಿಯಲ್ಲೇ ಕನ್ನಡಕದ ಮೇಲೆ ಇಟ್ಟು ನೋಡಬೇಕು. ಕಾರ್ಟಿಗೆ ಅಂಟಿಸುವ ಆಯಸ್ಕಾಂತ ಬಲು ಅನುಕೂಲ, ಅಲ್ಲೇ ಮರೆತು ಬರಲೂ ಅಷ್ಟೇ ಅನುಕೂಲ. ಲೇಸರ್ ಚಿಕ್ಕ ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ಓಡುತ್ತದೆ. ವಾಚಿಗೆ ಹಿಂದಿನ ರಾತ್ರಿಯೇ ಚಾರ್ಜ್ ಹಾಕಬೇಕು, ಇಲ್ಲದಿದ್ದರೆ ಹದಿನಾಲ್ಕನೆಯ ಕುಳಿಯ ಹತ್ತಿರ ಕಣ್ಣು ಮುಚ್ಚುತ್ತದೆ. ಗ್ರೀನುಗಳನ್ನು ಹೊಸದಾಗಿ ಕಟ್ಟಿದ ಮೈದಾನದಲ್ಲಿ ಹಳೆಯ ನಕ್ಷೆಯ ವಾಚು ಗ್ರೀನಿಲ್ಲದ ಕಡೆಗೆ ದೂರ ಹೇಳುತ್ತದೆ, ಹಾಗಾಗಿ ನಕ್ಷೆ ಹೊಸದಾಗಿಸಲು ಮತ್ತೆ ದುಡ್ಡು ಕೇಳುತ್ತಾರೋ ಅಂತ ಮೊದಲೇ ವಿಚಾರಿಸಿ. ಫೋನಿನ ಆಪ್ ಸಾಕಲ್ವಾ ಅಂದರೆ, ದೂರದ ಮಟ್ಟಿಗೆ ಸಾಕು. ಜೇಬಿನಿಂದ ಫೋನು ತೆಗೆದ ಮೇಲೆ ದೂರವೊಂದನ್ನೇ ನೋಡಿ ವಾಪಸ್ ಇಡುವ ಜನ ನೀವಾಗಿದ್ದರೆ.

ವೇಗವೂ ಮುಖ್ಯ. ತನ್ನ ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆದರೆ ಒಳ್ಳೆಯದು ಅನ್ನುತ್ತದೆ ನಿಯಮಪುಸ್ತಕ. ವಾಚು ನೋಡಲು ಮಣಿಕಟ್ಟು ತಿರುಗಿಸಿದರೆ ಆಯಿತು. ಲೇಸರನ್ನು ಚೀಲದಿಂದ ತೆಗೆದು, ಗುರಿ ಹಿಡಿದು, ಮತ್ತೆ ಹಿಡಿದು, ಪಕ್ಕದವರಿಗೆ ಹೇಳಿ, ಅವರ ಲೇಸರ್ ಒಂದು ಗಜ ಕಮ್ಮಿ ತೋರಿಸಿದ್ದಕ್ಕೆ ಚರ್ಚೆ ಮಾಡಿ ಮುಗಿಸುವಷ್ಟರಲ್ಲಿ ಹಿಂದಿನ ತಂಡ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತದೆ.

ಯಾವ ಯಂತ್ರ ಕೊಂಡರೂ ಅದು ಅಳೆಯದ ಒಂದು ದೂರ ಉಳಿಯುತ್ತದೆ. ನಿಮ್ಮ 7 ಐರನ್ ಎಷ್ಟು ಹೋಗುತ್ತದೆ? ಯಾರನ್ನು ಕೇಳಿದರೂ ಉತ್ತರ ರೆಡಿ. ಗಾಳಿ ಬೆನ್ನಿಗಿದ್ದು, ನೆಲ ಗಟ್ಟಿಯಾಗಿದ್ದು, ಚೆಂಡು ಪುಟಿದು ಉರುಳಿ ಎಲ್ಲಿಗೋ ಹೋದ ಒಂದು ದಿನದ ಅಂಕಿ ಅದು. ನೆಲಕ್ಕೆ ತಾಗದೆ ಹಾರಿದ ದೂರ ಎಷ್ಟು ಅಂತ ಕೇಳಿದರೆ ಮಾತು ಬದಲಾಗುತ್ತದೆ. ಆ ಅಂಕಿ ಸರಿಯಾಗಿ ಗೊತ್ತಿಲ್ಲದೆ ಬಾವುಟವನ್ನು ಗಜದ ಲೆಕ್ಕದಲ್ಲಿ ಅಳೆದು, ಚೆಂಡು ಗಿಡ್ಡ ಬಿದ್ದಾಗ ಯಂತ್ರವನ್ನು ಬೈದರೆ, ಕುಣಿಯಲು ಬಾರದವರಿಗೆ ನೆಲ ಡೊಂಕು ಅಂದಂತೆ. ಅಭ್ಯಾಸದ ಮೈದಾನದಲ್ಲಿ ಒಂದು ಸಂಜೆ ಕಳೆದು, ಪ್ರತಿ ಕ್ಲಬ್ಬಿನ ಸಾಧಾರಣ ಹೊಡೆತ ಎಲ್ಲಿ ಬೀಳುತ್ತದೆ ಅಂತ ಬರೆದಿಟ್ಟುಕೊಂಡವರಿಗೆ ಯಾವ ಯಂತ್ರವಾದರೂ ನಡೆಯುತ್ತದೆ. ಐದಾರು ಗಜದೊಳಗೆ ಬೀಳಿಸಬಲ್ಲ ಕೈಯಾದರೆ ಲೇಸರ್ ಕೊಳ್ಳಿ, ಅದಕ್ಕೆ ನೀವು ಅರ್ಹರು. ಉಳಿದವರಿಗೆ ವಾಚು. ಮಿಶ್ರತಳಿ ಚೆನ್ನಾಗಿದೆ, ಆದರೆ ಮಿಶ್ರತಳಿ ಕೊಂಡವರು ಎರಡರಲ್ಲಿ ಒಂದನ್ನೇ ಬಳಸುವುದನ್ನು ನೋಡಿದ್ದೇನೆ.

ಇನ್ನೂ ತೀರ್ಮಾನವಾಗದಿದ್ದರೆ ಅವಸರ ಬೇಡ. ಸದ್ಯಕ್ಕೆ ಲೇಸರ್ ಇರುವವರ ಜೊತೆ ಆಡಿ. ಬಾವುಟ ಎಷ್ಟು ದೂರ ಅಂತ ಅವರನ್ನು ಕೇಳಬಹುದು. ನಿಯಮದ ಪ್ರಕಾರ ದೂರ ಎಲ್ಲರಿಗೂ ಸೇರಿದ ಮಾಹಿತಿ, ಸಲಹೆ ಅಲ್ಲ. ಅವರೂ ಹೊಸ ಯಂತ್ರ ತೋರಿಸುವ ಉತ್ಸಾಹದಲ್ಲಿ ಖುಷಿಯಾಗಿಯೇ ಹೇಳುತ್ತಾರೆ. ಅದಕ್ಕೆ ಯಾವ ಕ್ಲಬ್ ತೆಗೆದಿರಿ ಅಂತ ಮಾತ್ರ ಸ್ಪರ್ಧೆಯ ನಡುವೆ ಕೇಳಿಬಿಡಬೇಡಿ. ಅದು ಸಲಹೆ, 2 ಹೊಡೆತ ದಂಡ.