ನಿಮಗೆ ಫೈನಾನ್ಸೇ ಯಾಕೆ ಬೇಕು?

ಉದ್ಯೋಗ ಮೇಳದ ಫೋಟೋ ಪೇಪರಿನಲ್ಲಿ ನೋಡಿರುತ್ತೀರಿ. ಬಳ್ಳಾರಿಯದ್ದಾದರೇನು, ಕೊಪ್ಪಳದ್ದಾದರೇನು, ಫೋಟೋ ಒಂದೇ. ಶಾಮಿಯಾನ, ದೀಪ ಹಚ್ಚುವ ಗಣ್ಯರು, ಹಿಂದೆ ಫೈಲ್ ಹಿಡಿದು ನಿಂತ ಹುಡುಗ ಹುಡುಗಿಯರು. ಟೇಬಲ್ಲಿನ ಆಚೆ ಕೂತವರು ಕೇಳುವ ಪ್ರಶ್ನೆ ಮಾತ್ರ ಫೋಟೋದಲ್ಲಿ ಬರಲ್ಲ. "ಫೈನಾನ್ಸ್ ಕ್ಷೇತ್ರಕ್ಕೇ ಬರಬೇಕು ಅಂತ ನಿಮಗೆ ಯಾಕೆ ಅನಿಸಿತು?"

ಹುದ್ದೆ ಮೈಕ್ರೋಫೈನಾನ್ಸ್ ಕಂಪನಿಯಲ್ಲಿ ಫೀಲ್ಡ್ ಆಫೀಸರ್. ಬೆಳಗ್ಗೆ ಬೈಕ್ ಹತ್ತಿ ಹಳ್ಳಿಗೆ ಹೋಗಬೇಕು, ಸಂಘದ ಹೆಂಗಸರು ಕೂಲಿಗೆ ಹೊರಡುವ ಮುಂಚೆ ಕಂತು ವಸೂಲಿ ಮಾಡಬೇಕು. ಪಿಯುಸಿ ಪಾಸಾಗಿರಬೇಕು, ಸ್ವಂತ ಬೈಕ್ ಇರಬೇಕು, ಡಿಎಲ್ ಇರಬೇಕು. ಇಷ್ಟರ ಮೇಲೆ ಪ್ಯಾಶನ್ನೂ ಬೇಕಂತೆ.

ನಿಜವಾದ ಉತ್ತರ ಟೇಬಲ್ಲಿನ ಎರಡೂ ಕಡೆಯವರಿಗೆ ಗೊತ್ತು. ಬಿ.ಕಾಂ ಮುಗಿಸಿ ಮನೆಯಲ್ಲಿ ಸುಮ್ನೆ ಕೂತಿದ್ದೇನೆ ಸರ್. ಅಪ್ಪ ಬೈಯುತ್ತಾರೆ ಸರ್. ನಿಮ್ಮ ಟೇಬಲ್ ಮುಂದೆ ಕ್ಯೂ ಚಿಕ್ಕದಿತ್ತು ಸರ್. ಆದರೆ ಇದನ್ನು ಹೇಳುವ ಹಾಗಿಲ್ಲ. ಹಾಗಾಗಿ ಕೋಚಿಂಗ್‌ನವರು ಬಾಯಿಪಾಠ ಮಾಡಿಸಿದ್ದು ಹೊರಗೆ ಬರುತ್ತದೆ. "ಚಿಕ್ಕಂದಿನಿಂದಲೂ ನನಗೆ ಅಂಕಿಗಳ ಮೇಲೆ ಒಲವು. ಹಣಕಾಸು ಸೇವೆಯನ್ನು ಕಟ್ಟಕಡೆಯ ವ್ಯಕ್ತಿಗೂ ಮುಟ್ಟಿಸುವುದು ನನ್ನ ಕನಸು." ಕಟ್ಟಕಡೆಯ ವ್ಯಕ್ತಿ ಬೇರೆ ಯಾರೂ ಅಲ್ಲ, ಅವನ ಅವ್ವನೇ. ಅವಳಿಗೆ ಸೇವೆ ಆಗಲೇ ಮುಟ್ಟಿದೆ, ಮೂರು ಕಂಪನಿಗಳಿಂದ.

ಹಾಗೆ ನೋಡಿದರೆ ಚಿಕ್ಕಂದಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಬಳ್ಳಾರಿ ಹುಡುಗರಿಗೆ ಫೈನಾನ್ಸ್ ಪರಿಚಯ ಮಾಡಿಕೊಡುವ ಕಷ್ಟ ಯಾರೂ ತಗೊಳ್ಳಬೇಕಿಲ್ಲ. ಚೀನಾದವರು ನಮ್ಮ ಅದಿರು ಕೊಳ್ಳುತ್ತಿದ್ದ ಕಾಲ ನೆನಪಿದೆ ಅಲ್ವಾ? ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಲಾರಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮರ ಕೆಂಪು, ಮನೆ ಕೆಂಪು, ಎಮ್ಮೆಯೂ ಕೆಂಪು. ಹೊಲ ಇದ್ದವರು ಹೊಲ ಅಡ ಇಟ್ಟರು, ಇಲ್ಲದವರು ಹೆಂಡತಿಯ ಬಂಗಾರ ಇಟ್ಟರು, ಉಳಿದದ್ದಕ್ಕೆ ಫೈನಾನ್ಸ್ ಮಾಡಿಸಿ ಲಾರಿ ತಂದರು. ಲಾರಿಯ ಮುಂದೆ ಮನೆದೇವರ ಹೆಸರು, ಹಿಂದೆ ಮಗನ ಹೆಸರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ. ಇನ್ನೂ ಬಿಟ್ಟಿದ್ದರೆ ಗುಡ್ಡಗಳನ್ನು ಫೋಟೋದಲ್ಲೇ ನೋಡಬೇಕಾಗುತ್ತಿತ್ತು. ಆದರೆ ಅದಿರು ನಿಂತರೂ ಕಂತು ನಿಲ್ಲಲಿಲ್ಲ. ಗುಡ್ಡ ತಿಂದವರು ಆಮೇಲೂ ಎಲೆಕ್ಷನ್‌ಗೆ ನಿಂತರು. ಒಂದೇ ಲಾರಿ ಇದ್ದವನು ರಸ್ತೆ ಬದಿ ನಿಂತ.

ಆವತ್ತು ಏಳೆಂಟು ವರ್ಷದವನಿದ್ದ ಹುಡುಗ ಈಗ ಇಂಟರ್‌ವ್ಯೂಗೆ ಬಂದಿದ್ದಾನೆ. "ಫೈನಾನ್ಸ್ ಬಗ್ಗೆ ಮೊದಲು ಯಾವಾಗ ಗೊತ್ತಾಯಿತು?" ಎಂದು ಮೇಡಂ ಕೇಳುತ್ತಾರೆ. "ನಮ್ಮ ಲಾರಿ ಸೀಜ್ ಮಾಡಿಕೊಂಡು ಹೋದ ದಿನ ಮೇಡಂ. ಹಿಂದೆ ನನ್ನ ಹೆಸರು ಬರೆಸಿದ್ದರು ಮೇಡಂ" ಎಂದು ಅವನು ಹೇಳಿಬಿಡಬಹುದು. ಮನಸ್ಸಿನಿಂದ ಬಂದ ಉತ್ತರ ಬೇಕು ಅನ್ನುತ್ತಾರಲ್ಲ, ಅದು ಇದೇ. ಆದರೆ ಹೀಗಂದರೆ ನೌಕರಿ ಕೊಡಲ್ಲ.

ಮುಂದಿನ ಪ್ರಶ್ನೆ, "ಐದು ವರ್ಷ ಆದ ಮೇಲೆ ಎಲ್ಲಿರುತ್ತೀರಿ?" ಸ್ವಾಮಿ, ನಮ್ಮ ಕಡೆ ಐದು ವರ್ಷದ ಮಾತು ಬಿಡಿ. 2024ರ ಆಗಸ್ಟ್ 10ರ ಸಂಜೆ ತುಂಗಭದ್ರಾ ಡ್ಯಾಮಿನ 19ನೇ ಗೇಟಿಗೆ ಈ ಪ್ರಶ್ನೆ ಹಾಕಿದ್ದರೆ ಅದು "ಇಲ್ಲೇ ಸರ್, ಇನ್ನೂ ಮೇಲಿನ ಜವಾಬ್ದಾರಿಯಲ್ಲಿ" ಎಂದೇ ಹೇಳುತ್ತಿತ್ತು. ರಾತ್ರಿ ಚೈನ್ ಕಡಿಯಿತು, ಗೇಟ್ ಹೋಯಿತು. ಆಗ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಗೇಟಿನ ಮೇಲೆ ನಿಮಗೇಕೆ ಇಷ್ಟು ಒಲವು, ನಿಮ್ಮ ದೌರ್ಬಲ್ಯ ಯಾವುದು ಎಂದೆಲ್ಲ ಅವರನ್ನು ಯಾರೂ ಕೇಳಲಿಲ್ಲ. ನೀರು ನಿಲ್ಲಿಸಲು ಆಗುತ್ತಾ ಅಂದರು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ಅಡ್ಡಗಟ್ಟು, ಇಳಿಸಿ ನಿಲ್ಲಿಸಿದರು. ಎಚ್‌ಆರ್‌ನವರು ಅಲ್ಲಿದ್ದಿದ್ದರೆ ಮೊದಲು ಒಂದು ಗ್ರೂಪ್ ಡಿಸ್ಕಷನ್ ಇಡುತ್ತಿದ್ದರು.

ಸರ್ಕಾರಿ ಬ್ಯಾಂಕ್‌ಗಳ ಕ್ಲರ್ಕ್ ಕೆಲಸಕ್ಕೆ, ಅದರ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆ ಇಂಟರ್‌ವ್ಯೂ ಮಾಡುವುದೇ ಇಲ್ಲ. ಪ್ರಿಲಿಮ್ಸ್, ಮೇನ್ಸ್ ಬರೆದು ಪಾಸಾಗಿ, ಕನ್ನಡ ಬರುತ್ತೆ ಅಂತ ತೋರಿಸಿದರೆ ಆಯಿತು. ನೋಟಿನ ಮೇಲೆ ಪ್ರೀತಿ ಇದೆಯಾ ಎಂದು ಕೇಳಿಸಿಕೊಳ್ಳದೆಯೇ ಅವರು ಕೌಂಟರಿನಲ್ಲಿ ಕೂತು ನೋಟು ಎಣಿಸುತ್ತಾರೆ. ಲೆಕ್ಕ ಸರಿಯಾಗೇ ಬರುತ್ತದೆ. ಊಟದ ಹೊತ್ತು ಸ್ವಲ್ಪ ಜಾಸ್ತಿ, ಅದು ಬೇರೆ ವಿಷಯ.

"ನಮ್ಮ ಕಂಪನಿಯೇ ಯಾಕೆ?" ಎಂಬುದಕ್ಕೆ ಉತ್ತರ ಗೋಡೆಯ ಬ್ಯಾನರಿನಲ್ಲೇ ಇರುತ್ತದೆ. ಓದಿ ಹೇಳಿದರೆ ಸಾಕು, ಖುಷಿಯಾಗುತ್ತಾರೆ.

ನಗು ಇಲ್ಲಿಗೆ ಸಾಕು. ಸೇರಿದ ಮೇಲೆ ಆ ಹುಡುಗನ ಕೈಗೆ ಏನು ಕೊಡುತ್ತಾರೆ ಗೊತ್ತಲ್ಲ? ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಆ ಆದಾಯ ಎಷ್ಟು ಎಂದು ಫಾರಂ ತುಂಬುವವನು ಈ ಹುಡುಗ. ಟಾರ್ಗೆಟ್ ಕೊಟ್ಟು ತುಂಬಿಸುವವರು ಎಸಿ ರೂಮಿನಲ್ಲಿ. ಹತ್ತಿ ಬಿಡಿಸಲು ಹೋಗುವ ಹೆಂಗಸಿನ ಆದಾಯ ಕಾಗದದ ಮೇಲೆ ಬೆಳೆಯುತ್ತದೆ, ಸಾಲ ಸಿಗುತ್ತದೆ, ಆಮೇಲೆ ಅವಳ ಹೊಸ್ತಿಲ ಮುಂದೆ ಕತ್ತಲಾಗುವ ತನಕ ಕೂರುವವನೂ ಅವನೇ. ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಬರತೊಡಗಿದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬರಲೇಬೇಕಿತ್ತು. ಆದರೆ ಹಳ್ಳಿಯವರು ತಡೆದು ನಿಲ್ಲಿಸಿದಾಗ ಸಿಕ್ಕಿಬೀಳುವುದು ಯಾರು? ಬೈಕಿನ ಮೇಲಿನ ಈ ಹುಡುಗನೇ. ಸಾಲಗಾರರ ಮನೆಯಲ್ಲಿ ಹುಟ್ಟಿದವನನ್ನು ಇನ್ನೊಬ್ಬ ಸಾಲಗಾರಳ ಮನೆ ಮುಂದೆ ನಿಲ್ಲಿಸಿ, ಅದಕ್ಕೆ ಅವನ ಬಾಯಿಂದಲೇ "ನನ್ನ ಕನಸು" ಅನ್ನಿಸುತ್ತೀರಲ್ಲ, ದುಡಿಸಿಕೊಳ್ಳುವುದು ಸಾಲದಾಯಿತಾ? ಸಂಬಳಕ್ಕೆ ಬಂದಿದ್ದಾನೆ. ಸಂಬಳ ಎಷ್ಟು ಅಂತ ಹೇಳಿ, ಕೆಲಸ ಏನು ಅಂತ ಹೇಳಿ, ಕಳಿಸಿ.

ಕೊನೆಯಲ್ಲಿ ಒಂದು ಮರ್ಯಾದೆಯ ಪ್ರಶ್ನೆ ಇರುತ್ತದೆ. "ನಮ್ಮನ್ನು ಏನಾದರೂ ಕೇಳುವುದಿದೆಯಾ?" ಕುಷ್ಟಗಿ ಕಡೆಯ ಹುಡುಗನೊಬ್ಬ ಇದನ್ನು ನಿಜ ಅಂದುಕೊಂಡು ಕೇಳಿಯೇಬಿಟ್ಟನಂತೆ. "ಪೆಟ್ರೋಲ್ ಯಾರು ಹಾಕಿಸ್ತಾರ್ರೀ ಸರ್?"

ಒಳಗಿನ ಉತ್ಸಾಹ ಕಡಿಮೆ ಎಂದು ಬರೆದುಕೊಂಡು ಮುಂದಿನವರನ್ನು ಕರೆದರಂತೆ.